ಸದ್ದು ನಿಲ್ಲುವ ಜಾಗ

ಅವನು ಮತ್ತು ನಾನು ಚಳ್ಳಕೆರೆಯ ಒಂದೇ ಬೀದಿಯಲ್ಲಿ ಬೆಳೆದವರು. ನಾನು ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರಕ್ಕೆ ಕೂತೆ, ಅವನು ಸಿನಿಮಾ ನಿರ್ದೇಶಕನಾದ.

ಅವನ ಮೊದಲ ಚಿತ್ರ ನಮ್ಮೂರಿನ ಟಾಕೀಸಿಗೆ ಬಂದಾಗ ನಡೆದದ್ದು ಇನ್ನೂ ನೆನಪಿದೆ. ಮಗ ಸತ್ತ ಸುದ್ದಿ ತಾಯಿಗೆ ಮುಟ್ಟುವ ಗಳಿಗೆಯಲ್ಲಿ ಪರದೆಯ ಸದ್ದೆಲ್ಲ ನಿಂತುಹೋಯಿತು. ಆಕೆ ಬಾಯಿ ತೆರೆದು ಅಳುತ್ತಿದ್ದಾಳೆ, ಏನೂ ಕೇಳುತ್ತಿಲ್ಲ. ಜನ ಯಂತ್ರ ಕೆಟ್ಟಿತೆಂದು ಆಪರೇಟರನನ್ನು ಬೈದರು. ಬೈಯುತ್ತಿದ್ದವರೇ ಒಬ್ಬೊಬ್ಬರಾಗಿ ಸುಮ್ಮನಾದರು. ನನ್ನ ಪಕ್ಕದಲ್ಲಿದ್ದ ಎಣ್ಣೆ ಮಿಲ್ಲಿನ ಹಮಾಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಂಥದ್ದನ್ನು ನಾವು ಯಾರೂ ನೋಡಿರಲಿಲ್ಲ.

ಆಮೇಲಿನ ಚಿತ್ರದಲ್ಲೂ ಸದ್ದು ನಿಂತಿತು. ಅದರ ನಂತರದ್ದರಲ್ಲೂ. ಪತ್ರಿಕೆಗಳು ಅದನ್ನು ಅವನ ಮುದ್ರೆ ಎಂದು ಕರೆದವು. ನಾನು ಮಾತ್ರ ಸಾವಿನ ದೃಶ್ಯ ಹತ್ತಿರ ಬಂದಂತೆ ಕಾಯತೊಡಗಿದ್ದೆ. ಕಾಯುವವನಿಗೆ ಅಳು ಬರುವುದಿಲ್ಲ.

ಹೋದ ವರ್ಷ ಅವನು ಮೊಳಕಾಲ್ಮೂರಿನಲ್ಲಿ ಚಿತ್ರೀಕರಣಕ್ಕೆಂದು ಬಂದ. ನೇಕಾರರ ಮನೆಯೊಂದನ್ನು ಗೊತ್ತುಮಾಡಿಕೊಟ್ಟವನು ನಾನೇ. ಆ ಮನೆಯಾಕೆ ರೇಷ್ಮೆ ಸೀರೆ ನೇಯುವವಳು, ಗಂಡನನ್ನು ಕಳೆದುಕೊಂಡವಳು. ಚಿತ್ರದಲ್ಲಿ ಗಂಡ ಸತ್ತ ನೇಕಾರ್ತಿಯ ಸಣ್ಣ ಪಾತ್ರವನ್ನು ಅವಳೇ ಮಾಡಲೆಂದು ಇವನು ಒಪ್ಪಿಸಿದ.

"ಏನು ಮಾತಾಡ್ಬೇಕಪ್ಪ?" ಎಂದು ಅವಳು ಕೇಳಿದಳು.

"ನಿಮ್ಗೆ ಏನು ಬರ್ತೈತೋ ಅದೇ ಮಾತಾಡ್ರಿ."

ಅವಳು ಗಂಡ ಕೂರುತ್ತಿದ್ದ ಮಗ್ಗದ ಮುಂದೆ ನಿಂತಳು. ಮೊದಲು ಕನ್ನಡ ಬಂತು, ಆಮೇಲೆ ಮನೆಮಾತು ತೆಲುಗು. "ನುವ್ವು ಪೋತಿವಿ," ನೀನು ಹೊರಟುಹೋದೆ, ಎಂದು ಶುರುಮಾಡಿ, ಅರ್ಧಕ್ಕೆ ಬಿಟ್ಟುಹೋದ ಸೀರೆಗಾಗಿ ಗಂಡನನ್ನು ಬೈದಳು. ಬೈಯುತ್ತಲೇ ಊಟಕ್ಕೆ ಕರೆದಳು. ಕ್ಯಾಮೆರಾ ಹಿಡಿದವನೂ ಅಳುತ್ತಿದ್ದ. ಗೆಳೆಯ ನನ್ನ ತೋಳು ಹಿಡಿದು, "ಲೇ, ಇಂಥದ್ದು ಮತ್ತೆ ಸಿಗಲ್ಲ ಕಣೋ" ಎಂದ.

ಚಿತ್ರ ಚಳ್ಳಕೆರೆಗೆ ಬಂದ ದಿನ ಅವನೂ ಬಂದ. ಆಕೆ ಮಗಳೊಡನೆ ಬಸ್ಸಿನಲ್ಲಿ ಬಂದಳು. ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಅವಳು ಪರದೆಯ ಮೇಲೆ ಮಗ್ಗದ ಮುಂದೆ ಬಂದು ನಿಂತಾಗ ಹಿಂದಿನಿಂದ ಒಂದು ದನಿ ಕೇಳಿತು: "ನೋಡ್ತಿರು, ಈಗ ಸೌಂಡ್ ಹೋಗ್ತೈತೆ."

ಹೋಯಿತು. ಹಿಂದಿನ ಸಾಲುಗಳು ನಕ್ಕವು, ಯಾರೋ ಸಿಳ್ಳೆ ಹೊಡೆದರು. ಪರದೆಯ ಮೇಲೆ ಅವಳ ತುಟಿಗಳಷ್ಟೇ ಅಲುಗುತ್ತಿದ್ದವು. ನಾನು ಗೆಳೆಯನ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಅವಳು ಅವನನ್ನೇ ಕೇಳಿದಳು. "ಅಷ್ಟು ಮಾತಾಡಿದ್ನಲ್ಲಪ್ಪ, ಎಲ್ಲಿ ಹೋತು?"

"ಅವ್ವಾ, ಅಲ್ಲಿ ಮಾತಿಗಿಂತ ಮೌನ ದೊಡ್ಡದು ಅನ್ನಿಸ್ತು."

"ಇರಬೌದು. ನಾ ಮಾತ್ರ ಅದನ್ನ ನಮ್ಮನೆಯವ್ರಿಗೆ ಹೇಳಿದ್ದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಮಗಳು ಕರೆದುಕೊಂಡು ಹೋದಳು.

ಚಹದಂಗಡಿಯಲ್ಲಿ ಅವನು ಎರಡು ಚಹಾ ಹೇಳಿದ. ಆಮೇಲೆ, "ಮೊದ್ಲು ಆಕಿ ಮಾತು ಇಟ್ಟೇ ಎಡಿಟ್ ಮಾಡಿದ್ದೆ. ನೋಡಿದವ್ರೆಲ್ಲ ಚೆನ್ನಾಗೈತೆ, ಆದ್ರೆ ಇದು ನಿಮ್ಮ ಸಿನಿಮಾ ಅನ್ಸಲ್ಲ ಅಂದ್ರು. ನಂಗೂ ಭಯ ಆತು" ಎಂದ.

"ನಿನಗೇನು ಅನ್ನಿಸಿತ್ತು?"

"ನಾನು ಅತ್ತಿದ್ದೆ ಕಣೋ."

ಚಿತ್ರ ಮೊಬೈಲಿನಲ್ಲಿ ಬರುವಷ್ಟರಲ್ಲಿ ಆ ಮಾತನ್ನು ಮತ್ತೆ ಸೇರಿಸುತ್ತೇನೆ ಎಂದು ಅವನಾಗಿಯೇ ಹೇಳಿದ. ಆ ಗಳಿಗೆಯಲ್ಲಿ ನಿಜವಾಗಿಯೇ ಹೇಳಿದ್ದನೇನೋ.

ಮೊನ್ನೆ ಚಿತ್ರ ಮೊಬೈಲಿಗೂ ಬಂತು. ಅಂಗಡಿಯಲ್ಲಿ ಕೂತು ಆ ದೃಶ್ಯವನ್ನಷ್ಟೇ ಹುಡುಕಿ ನೋಡಿದೆ. ಏನೂ ಬದಲಾಗಿರಲಿಲ್ಲ. ಕಿವಿಗೆ ಬಿದ್ದದ್ದು ಹೊರಗೆ ಶೇಂಗಾ ಚೀಲ ಇಳಿಸುತ್ತಿದ್ದವರ ಗದ್ದಲ ಮಾತ್ರ.