ಏಳಲೊಲ್ಲದ ಅಪ್ಪ

ಅಂಕೋಲೆಯ ಸಮುದ್ರದ ಹತ್ತಿರ ಚಿತ್ರಕಥೆ ಶಿಬಿರ. ಊಟ, ವಸತಿ, ಬರವಣಿಗೆ ಎಲ್ಲ ಅಲ್ಲೇ. ಮಗಳು ತಾನು ಪ್ರೀತಿಸಿದವನನ್ನೇ ಮದುವೆಯಾಗುತ್ತೇನೆ ಎನ್ನುತ್ತಾಳೆ, ಅಪ್ಪ ಮಾತಾಡದೆ ಎದ್ದು ಹೋಗುತ್ತಾನೆ. ಇದು ನಾನು ಬರೆದ ದೃಶ್ಯ. ಅಭಿನಯಿಸಿ ತೋರಿಸುವಾಗ ಅಪ್ಪನಾಗಿ ಕೂತವರು ಸುಂಕಸಾಳದಿಂದ ಬಂದಿದ್ದ ವಕೀಲರೊಬ್ಬರು.

ಮಗಳಾಗಿ ನಿಂತ ನನ್ನ ಮಾತು ಮುಗಿಯಿತು. ಅವರು ಏಳಲಿಲ್ಲ.

"ಸರ್, ಈಗ ಏಳಬೇಕು," ಎಂದೆ.

"ಏಳೂದು ಎಂತಕೆ? ನಂಗೆ ಸಿಟ್ಟೇ ಬರ್ಲಿಲ್ಲ. ನಿಮ್ಮಪ್ಪ ಹೀಂಗೇ ಎದ್ದು ಹೋಗಿದ್ರೇನು?"

"ಇಲ್ಲ, ಅವ್ರಿಗೆ ಇನ್ನೂ ಹೇಳ್ಲೇ ಇಲ್ಲ," ಎಂದುಬಿಟ್ಟೆ.

ಶಿಬಿರವೆಲ್ಲ ನಕ್ಕಿತು. ನನಗೆ ತಲೆ ಎತ್ತಲಾಗಲಿಲ್ಲ. ವಕೀಲರು ಮಾತ್ರ ನಗದೆ, "ಹಂಗಾರೆ ಹೇಳಿ ನೋಡು ತಂಗಿ. ಆಮೇಲೆ ಬರಿ," ಎಂದರು.

ಚಹಾ ವಿರಾಮದಲ್ಲಿ ಗಾಳಿಮರದ ಕೆಳಗೆ ನಿಂತು ಕಾರವಾರದ ಹಬ್ಬುವಾಡದ ಮನೆಗೆ, ಅಪ್ಪನಿಗೆ ಫೋನ್ ಮಾಡಿದೆ. ನಾನು ಪ್ರೀತಿಸಿದ ಹುಡುಗ ಯಲ್ಲಾಪುರದ ಕಡೆಯವನು, ನಮ್ಮ ಜಾತಿಯವನಲ್ಲ ಎಂಬುದನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಫೋನ್ ಇಡಲಿಲ್ಲ. ನಮ್ಮ ಮನೆಯ ಕೊಂಕಣಿಯಲ್ಲಿ, "ಭಾನುವಾರ ಊಟಕ್ಕೆ ಕರ್ಕೊಂಡು ಬಾ. ಒಳ್ಳೆ ಇಸೋಣ ಮೀನು ತರ್ತೇನೆ," ಎಂದರು.

ಹುಡುಗ ಮೀನು ಮುಟ್ಟುವುದಿಲ್ಲ ಎಂಬುದನ್ನು ಮುಂದಿನ ದೃಶ್ಯಕ್ಕೆ ಇಟ್ಟುಕೊಂಡೆ.