ಕಂಬದಣ್ಣನ ಮೂರು ಮಿಲಿಮೀಟರ್

ನಮ್ಮ ಆಫೀಸಿನಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಿಕ್ಕವರಿಗೆಲ್ಲ ಅವರು ಕಂಬದಣ್ಣ. ಗುಡ್ಡದ ಮೇಲೆ ಎರಡಾಳೆತ್ತರದ ಕಾಂಕ್ರೀಟ್ ಕಂಬ, ಅದರ ತಲೆಯ ಮೇಲೆ ಮಗುಚಿಟ್ಟ ಬೋಗುಣಿಯ ಹಾಗಿರುವ ಆಂಟೆನಾ, ಪಕ್ಕದಲ್ಲಿ ಎರಡು ಕೋಣೆ, ಒಂದು ಬಚ್ಚಲು. ಇದನ್ನು ನಾವು ಸ್ಟೇಷನ್ ಅನ್ನುತ್ತೇವೆ. ಇಪ್ಪತ್ತೆರಡು ವರ್ಷ ಅವರು ಅಲ್ಲಿ ಒಬ್ಬರೇ ಇದ್ದರು.

ಮೊಬೈಲು ದಾರಿ ತೋರಿಸುವುದು ಉಪಗ್ರಹಗಳನ್ನು ನಂಬಿಕೊಂಡು. ಉಪಗ್ರಹದ ಗಡಿಯಾರ ಕೂದಲೆಳೆಯಷ್ಟು ತಪ್ಪಿದರೂ ಕೆಳಗೆ ಗಾಡಿಗಳು ಪಕ್ಕದ ರಸ್ತೆಗೆ ನುಗ್ಗುತ್ತವೆ. ಆ ತಪ್ಪನ್ನು ಹಿಡಿಯಲು ನೆಲದ ಮೇಲೆ ಕೆಲವು ಕಂಬಗಳು ಬೇಕು. ಕಂಬ ಎಲ್ಲಿದೆ ಅನ್ನುವುದು ಮಿಲಿಮೀಟರ್ ಮಟ್ಟಿಗೆ ಗೊತ್ತಿರುತ್ತದೆ. ಆದ್ದರಿಂದ ಲೆಕ್ಕ ತಪ್ಪಿದರೆ ತಪ್ಪು ಮೇಲಿನದು, ಕೆಳಗಿನದಲ್ಲ. ಇದೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ಕಂಬ ಕದಲಬಾರದು.

ನನ್ನ ಕೆಲಸ ಮುಖ್ಯ ಕಚೇರಿಯಲ್ಲಿ, ಪರದೆಯ ಮುಂದೆ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೆ.

"ಏನಾದ್ರೂ ಮುಟ್ಟಿದ್ರಾ ಅಣ್ಣಾ?"

"ಇಲ್ಲಮ್ಮ."

ಆಂಟೆನಾದ ಒಂದು ತಿರುಪು ಮುಟ್ಟಿದರೂ ನಮಗೆ ಹೇಳಬೇಕು, ಪುಸ್ತಕದಲ್ಲಿ ಬರೆಯಬೇಕು. ಅದು ನಿಯಮ. ಇಷ್ಟು ವರ್ಷ ಕೇಳಿ ಕೇಳಿ ಪ್ರಶ್ನೆ ನನ್ನ ಕಿವಿಗೇ ಬೀಳುತ್ತಿರಲಿಲ್ಲ. ಅವರ ಕಿವಿಗೂ ಬೀಳುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅವರ ಮನೆ ಬಸ್ಸಿನಲ್ಲಿ ಎಂಟು ಗಂಟೆಯ ದೂರದ ಊರಿನಲ್ಲಿ. ಅತ್ತಿಗೆ ಅಲ್ಲಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಮಗಳನ್ನು ಓದಿಸಿ, ಮದುವೆ ಮಾಡಿ, ಈಗ ಒಬ್ಬರೇ ಇದ್ದರು. ಅಣ್ಣ ಎರಡು ತಿಂಗಳಿಗೊಮ್ಮೆ ನಾಲ್ಕು ದಿನದ ಮಟ್ಟಿಗೆ ಹೋಗುತ್ತಿದ್ದರು. ನಾಲ್ಕು ದಿನಕ್ಕೆ ಯಾಕೆ ಅಂತ ಬ್ಯಾಗಿನಿಂದ ಬಟ್ಟೆಯನ್ನೂ ತೆಗೆಯುತ್ತಿರಲಿಲ್ಲ. ವರ್ಗಾವಣೆ ಕೇಳಿ ಒಂಬತ್ತು ಅರ್ಜಿ ಹಾಕಿದ್ದರು. ಒಂಬತ್ತಕ್ಕೂ ನಮ್ಮ ಸಾಹೇಬರು ಒಂದೇ ರಾಗ ಎಳೆದರು: ಬದಲಿ ಆಳಿಲ್ಲ, ನೋಡೋಣ. ಈ 'ನೋಡೋಣ' ಅನ್ನುವವರ ಕಣ್ಣಿಗೆ ಏನೂ ಕಾಣುವುದಿಲ್ಲ ಅನ್ನುವುದು ನನ್ನ ಅನುಭವ.

ಆ ವರ್ಷ ಮಳೆ ಜೋರಾಗಿತ್ತು. ಒಂದು ಬೆಳಿಗ್ಗೆ ನನ್ನ ಪರದೆಯಲ್ಲಿ ಕಂಬ ಮೂರು ಮಿಲಿಮೀಟರ್ ಪೂರ್ವಕ್ಕೆ ಸರಿದಿತ್ತು. ಕಂಬದ ಜಾಗ ತೋರಿಸುವ, ಇಪ್ಪತ್ತೆರಡು ವರ್ಷ ಕಲ್ಲಿನ ಹಾಗೆ ಕೂತಿದ್ದ ಗೆರೆಯಲ್ಲಿ ಒಂದು ಮೆಟ್ಟಿಲು.

"ಏನಾದ್ರೂ ಮುಟ್ಟಿದ್ರಾ ಅಣ್ಣಾ?"

"ಇಲ್ಲಮ್ಮ."

ಹಾಗಾದರೆ ಗುಡ್ಡವೇ ಜಾರಿರಬೇಕು. ನಾನೇ ವರದಿ ಬರೆದೆ. ಮೇಲಿನವರು ಎರಡು ತಿಂಗಳು ಕೂತು, ಎದ್ದು, ಕೊನೆಗೆ ತೀರ್ಮಾನಿಸಿದರು: ಜಾರುವ ನೆಲದ ಸ್ಟೇಷನ್ ಬೇಡ, ಮುಚ್ಚಿ. ನೋಡಿಕೊಳ್ಳುವವರನ್ನು ಅವರ ಊರಿನ ಕಚೇರಿಗೆ ಕಳಿಸಿ.

ಸುದ್ದಿಯನ್ನು ಅಣ್ಣನಿಗೆ ನಾನೇ ಫೋನಿನಲ್ಲಿ ಹೇಳಿದೆ. ಮಾರನೆಯ ದಿನ ಅವರ ದನಿಯೇ ಬೇರೆಯಾಗಿತ್ತು. "ನಿಮ್ಮ ಅತ್ತಿಗೆ ಬೀರುವಿನಲ್ಲಿ ನನ್ನ ಬಟ್ಟೆಗೆ ಅಂತ ಒಂದು ಖಾನೆ ಖಾಲಿ ಮಾಡಿದಾಳಂತೆ ಕಣಮ್ಮ. ಕಾಗದ ಹಾಸಿ ಇಟ್ಟಿದಾಳಂತೆ!" ಅಂದರು. ನನಗೆ ನಿಜವಾಗಿಯೂ ಸಂತೋಷವಾಯಿತು. ನನ್ನ ವರದಿಯಿಂದ ಒಬ್ಬರಿಗೆ ಒಳ್ಳೆಯದಾಗಿದ್ದು ಅದೇ ಮೊದಲು.

ಮುಚ್ಚುವ ಮೊದಲು ಸಾಮಾನಿನ ಪಟ್ಟಿ ಕಳಿಸಬೇಕಿತ್ತು. ಆಂಟೆನಾದ ನಂಬರ್ ಓದಲು ಅವರು ಏಣಿ ಹತ್ತಿದರು. ಆ ದಿನ ಹತ್ತು ಗಂಟೆಯಾಗುವ ಮೊದಲೇ ಅವರೇ ಫೋನ್ ಮಾಡಿದರು.

"ಬಾಣದ ಗುರುತು ಗೇಟಿನ ಕಡೆ ಇದೆಯಮ್ಮ" ಅಂದರು.

ಆಂಟೆನಾದ ಅಂಚಿನಲ್ಲೊಂದು ಬಾಣವಿರುತ್ತದೆ. ಅದು ಸದಾ ಉತ್ತರಕ್ಕೆ ಮುಖ ಮಾಡಿರಬೇಕು, ಇಲ್ಲದಿದ್ದರೆ ಅಳತೆಯೆಲ್ಲ ಕೆಲವು ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅವರ ಗೇಟು ಇರುವುದು ಪೂರ್ವಕ್ಕೆ.

ಮಳೆಗಾಲದಲ್ಲಿ ಆಂಟೆನಾದ ಕೆಳಗೆ ಕಣಜ ಗೂಡು ಕಟ್ಟಿತ್ತಂತೆ. ತಿರುಪು ಬಿಚ್ಚಿ, ಗೂಡು ತೆಗೆದು, ಮತ್ತೆ ಕೂರಿಸಿದ್ದರು. "ಭುಜ ನೋಯ್ತಿತ್ತು. ತಿರುಗಿಸ್ತಾ ಹೋದೆ, ಬಿಗಿಯಾಯ್ತು, ಸಾಕು ಅಂತ ಇಳಿದುಬಿಟ್ಟೆ. ಬಾಣ ನೋಡ್ಲಿಲ್ಲ. ಪುಸ್ತಕದಲ್ಲಿ 'ಸ್ವಚ್ಛ ಮಾಡಿದೆ' ಅಂತ ಬರೆದಿದೀನಿ. ನೀವು ಕೇಳಿದಾಗ ಇಲ್ಲಮ್ಮ ಅಂದೆ. ಬಾಯಿಗೆ ಅದೇ ಅಭ್ಯಾಸ ಆಗಿಹೋಗಿದೆ."

ಅಂದರೆ ಗುಡ್ಡ ಜಾರಿಲ್ಲ. ಕಂಬ ಎಲ್ಲಿತ್ತೋ ಅಲ್ಲೇ ಇದೆ. ಹಾಗಾದರೆ ಮುಚ್ಚಲು ಕಾರಣವೂ ಇಲ್ಲ.

"ಅಣ್ಣಾ, ನೀವು ಫೋನೇ ಮಾಡಿಲ್ಲ, ನಾನು ಕೇಳಿಸ್ಕೊಂಡೇ ಇಲ್ಲ. ಇನ್ನೊಂದು ವಾರ ಬಾಯಿಗೆ ಬೀಗ ಹಾಕ್ಕೊಂಡಿರಿ. ಮನೆಗೆ ಹೋಗಿ."

ಇದು ತಪ್ಪು ಅಂತ ನನಗೆ ಗೊತ್ತಿತ್ತು. ಆದರೂ ಹೇಳಿದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

"ನಾನೂ ಅದನ್ನೇ ಯೋಚಿಸಿದೆ" ಅಂದರು. "ಏಣಿ ಮೇಲೇ ಅರ್ಧ ಗಂಟೆ ನಿಂತಿದ್ದೆ. ಆದ್ರೆ ನೋಡಮ್ಮ, ಮಗಳಿಗೆ ಜ್ವರ ಬಂದಾಗ ಇಲ್ಲಿದ್ದೆ. ಅಪ್ಪ ಹೋದಾಗ ಇಲ್ಲಿದ್ದೆ. ಯಾಕೆ ಅಂತ ಕೇಳಿದವರಿಗೆಲ್ಲ, ಒಂದು ಕೂದಲೆಳೆಯೂ ಕದಲದ ಕಂಬ ಕಾಯ್ತಿದೀನಿ ಅಂತ ಹೇಳಿದೀನಿ. ಈಗ ಕಾಗದದಲ್ಲಿ ಇದು ಜಾರೋ ಕಂಬ ಅಂತ ಬಂದ್ರೆ? ಇಪ್ಪತ್ತೆರಡು ವರ್ಷ ನಾನು ಏನು ಕಾಯ್ದೆ?"

ಮಧ್ಯಾಹ್ನ ಅವರ ಪತ್ರ ಇಮೇಲಿನಲ್ಲಿ ಬಂತು. ನಾಲ್ಕೇ ಸಾಲು, ಎಲ್ಲ ನಿಜ.

ಮುಂದಿನದೆಲ್ಲ ಚಕಚಕನೆ ಆಯಿತು. ಇಂಥ ಕೆಲಸಗಳಿಗೆ ನಮ್ಮ ಆಫೀಸು ಯಾವತ್ತೂ ತಡ ಮಾಡುವುದಿಲ್ಲ. ಮುಚ್ಚುವ ಆದೇಶ ರದ್ದು, ವರ್ಗಾವಣೆ ರದ್ದು, ಅಜಾಗರೂಕತೆಗೆ ಒಂದು ಎಚ್ಚರಿಕೆ ಪತ್ರ. ನಿವೃತ್ತಿಗೆ ಇನ್ನೂ ಆರು ವರ್ಷ ಬಾಕಿ.

ಆಂಟೆನಾ ಸರಿಪಡಿಸಲು ಮೆಕ್ಯಾನಿಕ್ ಹೊರಟಾಗ ನಾನೂ ಜೊತೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿದ್ದು. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು, ಎಡಭುಜ ಸ್ವಲ್ಪ ಇಳಿದಿತ್ತು. ಕೋಣೆಯಲ್ಲಿ ಕಟ್ಟಿಟ್ಟ ಎರಡು ಪೆಟ್ಟಿಗೆ ಹಾಗೇ ಇದ್ದವು. ಮೆಕ್ಯಾನಿಕ್ ಮೇಲೆ ಹತ್ತಿ ಬಾಣವನ್ನು ಉತ್ತರಕ್ಕೆ ತಿರುಗಿಸಿ ಬಿಗಿ ಮಾಡಿದ. ನಾನು ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಸಂಜೆಯ ಹೊತ್ತಿಗೆ ಗೆರೆ ಹಳೆಯ ಜಾಗಕ್ಕೆ ಬಂದು ಕೂತಿತು. ಅವರು ಬಗ್ಗಿ ನೋಡಿದರು.

ಆಮೇಲೆ ಗೇಟಿನ ಹತ್ತಿರ ನಿಂತು ಮನೆಗೆ ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಳ್ಳುತ್ತಾರೆ. ಬೇಡವೆಂದರೂ ನನಗೆ ಕೇಳಿಸಿತು.

"ಸರಿಹೋಯ್ತಾ?" ಅತ್ತಿಗೆಯ ದನಿ. ಹಿಂದೆ ಹೊಲಿಗೆ ಮೆಷಿನ್ ಸದ್ದು.

"ಸರಿಹೋಯ್ತು. ಒಂದು ಚೂರೂ ಕದಲಿಲ್ಲವಂತೆ. ಮೊದಲ ದಿನ ಎಲ್ಲಿತ್ತೋ ಅಲ್ಲೇ ಇದೆಯಂತೆ."

ಮೆಷಿನ್ ನಿಂತಿತು.

"ಒಳ್ಳೇದಾಯ್ತು ಬಿಡಿ" ಅಂದರು ಅತ್ತಿಗೆ. ಆಮೇಲೆ ಕೇಳಿದರು: "ಅಲ್ಲಾ, ಆ ಖಾನೆ ಹಾಗೇ ಇರ್ಲಾ? ಇಲ್ಲಾ ಹೊಲಿಯೋಕೆ ಬಂದ ಬಟ್ಟೆ ಇಟ್ಕೊಳ್ಲಾ? ಜಾಗ ಸಾಲ್ತಿಲ್ಲ."

ಕಂಬದಣ್ಣ ಗೇಟಿನ ಸರಳು ಹಿಡಿದುಕೊಂಡರು.

"ಇಟ್ಕೋ" ಅಂದರು.

ಮೆಷಿನ್ ಮತ್ತೆ ಶುರುವಾಯಿತು. ಅವರು ಫೋನ್ ಜೇಬಿಗೆ ಹಾಕಿಕೊಂಡು, ಪುಸ್ತಕ ತರಲು ಒಳಗೆ ಹೋದರು. ಆ ದಿನ ಆಂಟೆನಾ ಮುಟ್ಟಿದ್ದನ್ನು ಬರೆಯಬೇಕಿತ್ತು.