ಅತ್ತೆಯ ಮದ್ದಿನ ಮರ

ನಮ್ಮತ್ತೆಯ ಕ್ಯಾನ್ಸರ್ ವಾಸಿಯಾಗಿ ಎರಡನೇ ವರ್ಷ ನಡೆಯುತ್ತಿತ್ತು. ತಲೆಗೂದಲು ಮತ್ತೆ ಬಂದಿತ್ತು, ಬಾಯಿಗೆ ರುಚಿ ಬಂದಿತ್ತು, ನನ್ನ ಸಾರಿಗೆ ಕೊಂಕು ತೆಗೆಯುವ ಹುರುಪೂ ಬಂದಿತ್ತು. ದೇವರಕಾಡಿಗೆ ಹೋಗುವುದೊಂದನ್ನು ಮಾತ್ರ ಬಿಟ್ಟುಬಿಟ್ಟಿದ್ದರು.

ನಮ್ಮೂರ ದೇವರಕಾಡಿನಲ್ಲಿ ಕತ್ತಿ ಆಡಿಸುವಂತಿಲ್ಲ, ಒಂದು ಎಲೆಯನ್ನೂ ಕೀಳುವಂತಿಲ್ಲ. ಅಲ್ಲಿನ ಹಬ್ಬವನ್ನು ಎಂದೂ ತಪ್ಪಿಸದ ಅತ್ತೆಯ ತಲೆಗೆ ಹುಳ ಬಿಟ್ಟವರು ಆರೋಗ್ಯ ವಿಚಾರಿಸಲು ಬಂದ ನೆಂಟರೊಬ್ಬರು. ಅತ್ತೆಗೆ ಕೊಟ್ಟ ಮದ್ದು ಯೂ ಎಂಬ ಮರದ್ದು, ಅದಕ್ಕಾಗಿ ತೊಗಟೆ ಸುಲಿದು ಮರವನ್ನೇ ಸಾಯಿಸುತ್ತಾರೆ ಎಂದು ಹೇಳಿ, ಕಾಫಿ ಕುಡಿದು, ಆರಾಮಾಗಿ ಹೊರಟುಹೋದರು.

"ನನ್ನ ಮೈಲಿ ಎಷ್ಟ್ ಮರದ ಜೀವ ಉಂಟೋ! ಯಾವ ಮುಖಲಿ ಅಲ್ಲಿಗೆ ಹೋದು ನಾ?" ಎಂದರು ಅತ್ತೆ.

ನನಗೆ ಸಿಟ್ಟು ಬಂದದ್ದು ನೆಂಟರ ಮೇಲೆ. ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ನಾನು ಆಗ ಅಧ್ಯಯನ ಮಾಡುತ್ತಿದ್ದದ್ದೇ ಯೂ ಮರಗಳನ್ನು. ಹಿಮಾಲಯದ ಯೂ, ಅದರ ದೂರದೇಶದ ಒಡಹುಟ್ಟುಗಳು, ಇವೆಲ್ಲ ಆ ಮದ್ದನ್ನು ತಮ್ಮೊಳಗೆ ತಯಾರಿಸುವ ಜೀನುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ನನ್ನ ಕೆಲಸ. ಒಂದೇ ಮನೆತನದವರ ಅಡುಗೆಯ ಹಾಗೆ ಜೀನುಗಳು ಹೆಚ್ಚುಕಡಿಮೆ ಒಂದೇ. ಆದರೆ ಮದ್ದು ಕೊಡುವುದರಲ್ಲಿ ಒಂದು ಮರ ಧಾರಾಳಿ, ಇನ್ನೊಂದು ಜಿಪುಣ. ಧಾರಾಳಿ ಯಾರೆಂದು ಗೊತ್ತಾದರೆ ಅದರ ಎಲೆಯಿಂದಲೇ ಸಾಕಷ್ಟು ಮದ್ದಿನ ಮೂಲವಸ್ತು ಸಿಗುತ್ತದೆ. ಈಗ ಮರ ಸಾಯಿಸುವ ಅಗತ್ಯವಿಲ್ಲ ಎಂದು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ.

"ನೀ ನನ್ನ ಸಮಾಧಾನಕ್ಕೆ ಹೇಳುದು" ಎಂದು ಕಾಳುಮೆಣಸು ಹರವಲು ಕಣಕ್ಕೆ ಹೋದರು.

ಹಬ್ಬದ ಹಿಂದಿನ ದಿನ ಹಿಮಾಲಯದ ಕಡೆಯ ಗೆಳತಿಯಿಂದ ಒಣಗಿಸಿದ ಯೂ ಎಲೆಗಳ ಪೊಟ್ಟಣ ಬಂತು. ಹೋದ ವರ್ಷ ಅವಳು ಎಲೆ ಕಿತ್ತು ಕಳಿಸಿದ್ದ ಮರದ್ದೇ ಇವೂ. ಫೋನಿಗೆ ಆ ಮರದ ಫೋಟೋವನ್ನೂ ಕಳಿಸಿದ್ದಳು. ಇದೇ ಆ ಮದ್ದಿನ ಮರ ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಹುಟ್ಟಿದಾಗಿನಿಂದ ಕಾಫಿ ಗಿಡ ನೋಡಿದ ಕಣ್ಣು ಅವರದು. ಫೋಟೋ ದೊಡ್ಡದು ಮಾಡಿ, ಹೋದ ವರ್ಷ ರೆಂಬೆ ಚಿವುಟಿದ ಜಾಗವನ್ನು ಹುಡುಕಿ ಹಿಡಿದರು. ಅಲ್ಲಿ ಹಸಿರು ಚಿಗುರು ಒಡೆದಿತ್ತು.

"ಹಂಗಾರೆ ಇದ್ ಕಡಿಯುದು ಅಲ್ಲ, ಪಿಕ್ಕಿಂಗ್!" ಎಂದರು, ಗಿಡ ಉಳಿಸಿ ಕಾಫಿ ಹಣ್ಣು ಬಿಡಿಸುವುದಕ್ಕೆ ನಮ್ಮ ತೋಟಗಳಲ್ಲಿ ಹೇಳುವ ಮಾತಿನಲ್ಲಿ.

"ಹೌದತ್ತೆ, ಪಿಕ್ಕಿಂಗೇ" ಎಂದೆ. ಇಷ್ಟು ಸುಲಭದ ಮಾತು ಇಷ್ಟು ದಿನ ನನಗೆ ಹೊಳೆಯದ್ದಕ್ಕೆ ನಗು ಬಂತು. ಅತ್ತೆ ಎದ್ದು ಪೆಟ್ಟಿಗೆಯಿಂದ ಹಬ್ಬದ ಸೀರೆ ತೆಗೆದರು.

ಮಾರನೆಯ ದಿನ ಚಪ್ಪಲಿ ಬಿಟ್ಟು ಇಬ್ಬರೂ ದೇವರಕಾಡಿನೊಳಗೆ ಹೋದೆವು. ದೊಡ್ಡ ಮರವೊಂದಕ್ಕೆ ಅಂಗೈ ಒತ್ತಿ ಅತ್ತೆ ತುಂಬ ಹೊತ್ತು ನಿಂತರು. ಅವರನ್ನು ಅಲ್ಲಿ ನೋಡಿ ನನಗೆ ಆದ ಸಂತೋಷ ಸಣ್ಣದಲ್ಲ. ಹೊರಡುವಾಗ, ಹೊಸದಾಗಿ ಬೆಳೆದ ಅವರ ಗುಂಗುರು ಕೂದಲಲ್ಲಿ ಒಣಗಿದ ಎಲೆಯೊಂದು ಸಿಕ್ಕಿಕೊಂಡದ್ದು ಕಂಡು ತೆಗೆದುಕೊಟ್ಟೆ.

ಅತ್ತೆ ಅದನ್ನು ಮರದ ಬುಡದಲ್ಲೇ ಇಟ್ಟರು.

"ಇಲ್ಲಿಂದ ಒಂದ್ ಎಲೆನೂ ಬೇಡ ಮಗಳೆ. ನಂಗೆ ಸಿಕ್ಕಿದ್ದ್ ಸಾಕ್."